ರೇಷ್ಮೆಯ ಮನೆಯಲ್ಲಿ ಗಾಳಿಯ ನಡೆ

ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನಲ್ಲಿ ಕೆಂಚಾರ್ಲಹಳ್ಳಿ ಒಂದು ಹೋಬಳಿಯ ಕೇಂದ್ರ. 2007ರವರೆಗೆ ಈ ಪ್ರದೇಶವೆಲ್ಲ ಕೋಲಾರ ಜಿಲ್ಲೆಗೆ ಸೇರಿತ್ತು. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಕೆರೆ, ಬಾವಿ, ಕೊಳವೆಬಾವಿಗಳನ್ನು ನಂಬಿ ಬದುಕುವ ಈ ಸೀಮೆಯ ರೈತರಿಗೆ ರಾಗಿಯು ಅನ್ನವಾದರೆ ಹಿಪ್ಪುನೇರಳೆಯು ಹಣ. ಹಿಪ್ಪುನೇರಳೆಯ ಸೊಪ್ಪನ್ನು ತಿಂದು ಬೆಳೆಯುವ ರೇಷ್ಮೆ ಹುಳು ಗೂಡು ಕಟ್ಟುತ್ತದೆ. ಆ ಗೂಡು ಶಿಡ್ಲಘಟ್ಟದಂತಹ ಮಾರುಕಟ್ಟೆಗೆ ಹೋಗುತ್ತದೆ. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವವರೆಗಿನ ಸುಮಾರು ಇಪ್ಪತ್ತೈದು ದಿನಗಳಲ್ಲಿ ಮನೆಮಂದಿಗೆಲ್ಲ ನಿದ್ರೆ ಕಡಿಮೆ. ಒಂದು ಬೆಳೆ ಕೈಕೊಟ್ಟರೆ ಮಾಡಿದ ಸಾಲ ಹಾಗೆಯೇ ನಿಲ್ಲುತ್ತದೆ.

ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳ ತಟ್ಟೆಗೆ ರಾತ್ರಿ ಸೊಪ್ಪು ಹಾಕಿದರೆ, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಸದ್ದು ಕೇಳುತ್ತದೆ. ಸಾವಿರಾರು ಬಾಯಿಗಳು ಒಟ್ಟಿಗೆ ಮೇಯುವ ಸದ್ದು ಅದು. ಹುಟ್ಟಿದಾಗ ಇದ್ದ ತೂಕಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಬೆಳೆಯುವ ಈ ಹುಳುವಿಗೆ ಆಹಾರದಷ್ಟೇ ಗಾಳಿಯೂ ಬೇಕು. ಆದರೆ ಅದಕ್ಕೆ ಮೂಗಿಲ್ಲ, ಶ್ವಾಸಕೋಶವಿಲ್ಲ. ಹುಳುವಿನ ಪಕ್ಕೆಗಳನ್ನು ಗಮನಿಸಿ ನೋಡಿದವರಿಗೆ ಎರಡೂ ಕಡೆ ಸಾಲಾಗಿ ಇಟ್ಟಂತಹ ಕಪ್ಪು ಚುಕ್ಕೆಗಳು ಕಾಣುತ್ತವೆ. ಎದೆಯ ಭಾಗದಲ್ಲಿ ಒಂದು ಜೊತೆ, ಹೊಟ್ಟೆಯ ಭಾಗದಲ್ಲಿ ಎಂಟು ಜೊತೆ, ಒಟ್ಟು ಒಂಬತ್ತು ಜೊತೆ. ಇವೇ ಅದರ ಶ್ವಾಸರಂಧ್ರಗಳು. ಅಲ್ಲಿಂದ ಹೊರಟ ಸೂಕ್ಷ್ಮ ನಾಳಗಳು ಕವಲೊಡೆಯುತ್ತ ದೇಹದ ಮೂಲೆಮೂಲೆಗೆ ಹೋಗುತ್ತವೆ. ಒಳಗಿನ ಆಮ್ಲಜನಕ ಕಡಿಮೆಯಾದಂತೆ ಹೊರಗಿನದು ತಾನಾಗಿಯೇ ಒಳಕ್ಕೆ ಬರುತ್ತದೆ. ಇಂಗಾಲದ ಡೈಆಕ್ಸೈಡ್ ಹಾಗೆಯೇ ಹೊರಕ್ಕೆ ಹೋಗುತ್ತದೆ. ಹೀಗೆ ಯಾರೂ ದೂಡದೆ ಎಳೆಯದೆ ಅನಿಲಗಳು ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಡಿಕೊಳ್ಳುವ ಕ್ರಿಯೆಗೆ ವಿಸರಣೆ ಎಂದು ಹೆಸರು.

ಯಾರೂ ದೂಡದ ಗಾಳಿ ಚಲಿಸುವುದಾದರೂ ಹೇಗೆ? ಅನಿಲದ ಅಣುಗಳು ಎಂದೂ ಸುಮ್ಮನಿರುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಕೊಠಡಿಯ ಸಾಧಾರಣ ಉಷ್ಣತೆಯಲ್ಲಿ ಆಮ್ಲಜನಕದ ಅಣುವಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 480 ಮೀಟರ್. ಜಲಜನಕದ್ದು ಇದರ ನಾಲ್ಕು ಪಟ್ಟು. ಈ ಮಾತನ್ನು ಮೊದಲಿಗೆ ಎಲ್ಲರೂ ಒಪ್ಪಲಿಲ್ಲ. ಅಣುಗಳು ಬಂದೂಕಿನ ಗುಂಡಿನಂತೆ ಹಾರುವುದೇ ನಿಜವಾದರೆ ಕೋಣೆಯ ಒಂದು ಮೂಲೆಯಲ್ಲಿ ಎದ್ದ ವಾಸನೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಮೂಲೆಗೆ ತಲುಪಬೇಕಲ್ಲವೆ ಎಂದು 1858ರಲ್ಲಿ ಡಚ್ ವಿಜ್ಞಾನಿ ಬಾಯಿಸ್ ಬ್ಯಾಲಟ್ ಕೇಳಿದನು. ಒಗ್ಗರಣೆಯ ಘಾಟು ನಡುಮನೆಗೆ ಬರಲು ಎಷ್ಟು ಹೊತ್ತು ಬೇಕೆಂಬುದನ್ನು ಬಲ್ಲವರಿಗೆ ಈ ಆಕ್ಷೇಪ ನ್ಯಾಯವಾಗಿಯೇ ತೋರುತ್ತದೆ. ಅದೇ ವರ್ಷ ಜರ್ಮನಿಯ ಕ್ಲೌಸಿಯಸ್ ಇದಕ್ಕೆ ಉತ್ತರವಿತ್ತನು. ಅಣುವಿನ ವೇಗ ಹೆಚ್ಚು, ನಿಜ. ಆದರೆ ಅದರ ದಾರಿ ತೆರವಾಗಿಲ್ಲ. ಗಾಳಿಯ ಒಂದು ಅಣು ಮಿಲಿಮೀಟರಿನ ಸುಮಾರು ಹದಿನಾಲ್ಕು ಸಾವಿರದಲ್ಲೊಂದು ಭಾಗದಷ್ಟು ದೂರ ಸಾಗುವಷ್ಟರಲ್ಲಿ ಇನ್ನೊಂದು ಅಣುವಿಗೆ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತದೆ. ಒಂದು ಸೆಕೆಂಡಿನಲ್ಲಿ ಇಂತಹ ಡಿಕ್ಕಿಗಳು ಸುಮಾರು ಏಳುನೂರು ಕೋಟಿ. ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕ ಹುಡುಗ ಎಷ್ಟು ಬಲವಾಗಿ ಓಡಬಲ್ಲವನಾದರೂ ತೇರಿನ ಬಳಿಗೆ ಬೇಗ ತಲುಪಲಾರ.

ಇದರಿಂದ ಒಂದು ವಿಚಿತ್ರ ಲೆಕ್ಕ ಹುಟ್ಟುತ್ತದೆ. ವಿಸರಣೆಯಲ್ಲಿ ದೂರ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟಾಗುತ್ತದೆ; ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು. ನಿಶ್ಚಲವಾದ ಗಾಳಿಯಲ್ಲಿ ಆಮ್ಲಜನಕ ಒಂದು ಮಿಲಿಮೀಟರ್ ಹರಡಲು ಸೆಕೆಂಡಿನ ನಲವತ್ತರಲ್ಲೊಂದು ಭಾಗ ಸಾಕು. ಒಂದು ಸೆಂಟಿಮೀಟರಿಗೆ ಎರಡೂವರೆ ಸೆಕೆಂಡು. ಒಂದು ಮೀಟರಿಗೆ ಸುಮಾರು ಏಳು ಗಂಟೆ! ಹುಳುವಿನ ಮೈಯೊಳಗಿನ ನಾಳಗಳು ಕಿರಿದಾದ್ದರಿಂದ ಅದಕ್ಕೆ ವಿಸರಣೆಯೇ ಬಹುಮಟ್ಟಿಗೆ ಉಸಿರಾಟವಾಗಬಲ್ಲದು. ಕೀಟಗಳು ಆಡು ಕುರಿಗಳ ಗಾತ್ರಕ್ಕೆ ಬೆಳೆಯದಿರುವುದಕ್ಕೆ ಇದೂ ಒಂದು ಕಾರಣವೆಂದು ಹೇಳುವುದುಂಟು. ಆದರೆ ಹುಳು ಇರುವ ಮನೆಗೆ ವಿಸರಣೆಯೊಂದೇ ಸಾಲದು. ಬಾಗಿಲು ಕಿಟಕಿಗಳನ್ನು ಮುಚ್ಚಿದ ಮನೆಯ ನಡುವಿನ ತಟ್ಟೆಗೆ ಹೊರಗಿನ ಹೊಸ ಗಾಳಿ ಕೇವಲ ಅಣುಗಳ ಅಲೆದಾಟದಿಂದ ಬರಬೇಕಾದರೆ ದಿನಗಳೇ ಬೇಕು. ಎದುರುಬದುರಾಗಿ ಕಿಟಕಿಗಳಿರಬೇಕು, ಮಾಡಿನ ಹತ್ತಿರ ಗವಾಕ್ಷಿಗಳಿರಬೇಕು ಎಂದು ತಿಳಿದವರು ಹೇಳುವುದು ಇದಕ್ಕಾಗಿಯೇ. ಮನೆಯೊಳಕ್ಕೆ ಗಾಳಿಯನ್ನು ತರುವುದು ಬೀಸು. ಹುಳುವಿನೊಳಕ್ಕೆ ಒಯ್ಯುವುದು ವಿಸರಣೆ.

ಎಲ್ಲ ಅನಿಲಗಳೂ ಒಂದೇ ಬಗೆಯಲ್ಲಿ ಹರಡುವುದಿಲ್ಲ ಎಂಬುದು ಒಂದು ಒಡಕು ಸೀಸೆಯಿಂದ ತಿಳಿದುಬಂದ ಸಂಗತಿ. 1823ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಡೋಬೆರೈನರ್, ನೀರಿನ ಮೇಲೆ ಬೋರಲು ಹಾಕಿದ ಗಾಜಿನ ಪಾತ್ರೆಯಲ್ಲಿ ಜಲಜನಕವನ್ನು ಸಂಗ್ರಹಿಸಿದ್ದನು. ಪಾತ್ರೆಯಲ್ಲಿ ಕೂದಲೆಳೆಯಂತಹ ಬಿರುಕೊಂದಿತ್ತು. ಕೆಲವು ಗಂಟೆಗಳ ಮೇಲೆ ನೋಡಿದಾಗ ಪಾತ್ರೆಯೊಳಗಿನ ನೀರು ತಾನಾಗಿ ಮೇಲೇರಿತ್ತು. ಜಲಜನಕ ಮಾತ್ರ ಬಿರುಕಿನಿಂದ ಸೋರಿಹೋಗಿದೆ ಎಂದು ಅವನು ತಿಳಿದನು. ಸ್ಕಾಟ್ಲೆಂಡಿನ ತಾಮಸ್ ಗ್ರಹಾಂ ಇದನ್ನು ಅಷ್ಟಕ್ಕೇ ಬಿಡಲಿಲ್ಲ. ಗಾಜಿನ ಕೊಳವೆಯ ಒಂದು ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಿರಡೆ ಹಾಕಿ, ಅದರ ಸೂಕ್ಷ್ಮ ರಂಧ್ರಗಳ ಮೂಲಕ ಒಂದೊಂದೇ ಅನಿಲವನ್ನು ಹೊರಬಿಟ್ಟು ಅಳೆದನು. ಜಲಜನಕ ಹೊರಗೆ ಹೋಗುವುದು ನಿಜ. ಅದೇ ಹೊತ್ತಿನಲ್ಲಿ ಗಾಳಿಯೂ ಒಳಗೆ ಬರುತ್ತದೆ. ಆದರೆ ಒಂದು ಪಾಲು ಗಾಳಿ ಒಳಬರುವಷ್ಟರಲ್ಲಿ 3.8 ಪಾಲು ಜಲಜನಕ ಹೊರಬಿದ್ದಿರುತ್ತದೆ. ನೀರು ಏರಿದ್ದು ಈ ವ್ಯತ್ಯಾಸದಿಂದ. 1833ರಲ್ಲಿ ಅವನು ಪ್ರಕಟಿಸಿದ ನಿಯಮ ಇಂದಿಗೂ ಅವನ ಹೆಸರಿನಲ್ಲಿದೆ: ಒತ್ತಡ ಮತ್ತು ಉಷ್ಣತೆ ಒಂದೇ ಇದ್ದಾಗ ಅನಿಲಗಳ ವಿಸರಣೆಯ ದರ ಅವುಗಳ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಸಾಂದ್ರತೆಯ ಬದಲು ಅಣುತೂಕವನ್ನು ಇಟ್ಟುಕೊಂಡರೂ ಲೆಕ್ಕ ಒಂದೇ. ಜಲಜನಕದ ಅಣುತೂಕ 2, ಆಮ್ಲಜನಕದ್ದು 32. ಎರಡನೆಯದು ಹದಿನಾರು ಪಟ್ಟು ಭಾರ. ಹದಿನಾರರ ವರ್ಗಮೂಲ ನಾಲ್ಕು. ಆದುದರಿಂದ ಜಲಜನಕ ನಾಲ್ಕು ಪಟ್ಟು ಬೇಗ ಹೊರಬೀಳುತ್ತದೆ.

ಮುಂದೆ 1846ರಲ್ಲಿ ಗ್ರಹಾಂ ತೆಳುವಾದ ಲೋಹದ ಹಾಳೆಯಲ್ಲಿ ಸೂಜಿಮೊನೆಯ ರಂಧ್ರ ಮಾಡಿ, ಅದರ ಮೂಲಕ ಅನಿಲಗಳು ನಿರ್ವಾತಕ್ಕೆ ಹೊರಬೀಳುವುದನ್ನು ಬೇರೆಯಾಗಿ ಪರೀಕ್ಷಿಸಿದನು. ಇದಕ್ಕೆ ನಿಸ್ಸರಣೆ ಎನ್ನುತ್ತಾರೆ. ಇಲ್ಲಿಯೂ ಅದೇ ವರ್ಗಮೂಲದ ನಿಯಮ. ರಂಧ್ರವು ಅಣುವಿನ ಎರಡು ಡಿಕ್ಕಿಗಳ ನಡುವಣ ದೂರಕ್ಕಿಂತಲೂ ಕಿರಿದಾಗಿದ್ದರೆ ಅಣುಗಳು ಒಂದೊಂದಾಗಿ, ಒಂದನ್ನೊಂದು ತಳ್ಳದೆ, ರಂಧ್ರಕ್ಕೆ ಎದುರಾದಾಗ ಮಾತ್ರ ದಾಟಿಹೋಗುತ್ತವೆ. ಹಗುರವಾದ ಅಣು ಹೆಚ್ಚು ವೇಗದ್ದಾದ್ದರಿಂದ ಹೆಚ್ಚು ಬಾರಿ ರಂಧ್ರಕ್ಕೆ ಎದುರಾಗುತ್ತದೆ, ಅಷ್ಟೆ. 1980ರಲ್ಲಿ ಕರ್ನಾಟಕಕ್ಕೆ ಬಂದು ಸೇರಿದ ಊಜಿ ನೊಣವನ್ನು ತಡೆಯಲು ರೈತರು ಕಿಟಕಿಗಳಿಗೆ ನೈಲಾನ್ ಪರದೆ ಕಟ್ಟುತ್ತಾರೆ. ಅದರ ಕಣ್ಣುಗಳು ನೊಣಕ್ಕೆ ಕಿರಿದು, ಅಣುವಿಗಾದರೋ ಹೆಬ್ಬಾಗಿಲು. ಅಲ್ಲಿ ಗಾಳಿ ಗುಂಪಾಗಿಯೇ ನುಗ್ಗುತ್ತದೆ. ಹಗುರ ಭಾರಗಳ ಭೇದ ಆಗುವುದಿಲ್ಲ.

ಈ ಭೇದ ಎಷ್ಟು ಸಣ್ಣದಾದರೂ ಮನುಷ್ಯ ಅದನ್ನು ಬಳಸದೆ ಬಿಟ್ಟಿಲ್ಲ. ಯುರೇನಿಯಂ 235 ಮತ್ತು 238 ಎಂಬ ಎರಡು ಬಗೆಯ ಪರಮಾಣುಗಳನ್ನು ರಾಸಾಯನಿಕ ಕ್ರಿಯೆಯಿಂದ ಬೇರ್ಪಡಿಸುವುದು ಕಷ್ಟ. ಅವುಗಳನ್ನು ಫ್ಲೋರಿನ್ ಜೊತೆ ಸೇರಿಸಿ ಅನಿಲವನ್ನಾಗಿಸಿದರೆ ಅಣುತೂಕಗಳು 349 ಮತ್ತು 352. ಒಂದು ರಂಧ್ರಮಯ ಪೊರೆಯನ್ನು ದಾಟುವಾಗ ಹಗುರವಾದುದು ಮುಂದೆ ಹೋಗುವುದು ಸಾವಿರಕ್ಕೆ ನಾಲ್ಕರಷ್ಟು ಮಾತ್ರ. ಅಮೆರಿಕದ ಓಕ್ ರಿಜ್‌ನಲ್ಲಿ 1945ರಲ್ಲಿ ಕೆಲಸಕ್ಕೆ ತೊಡಗಿದ ಕಾರ್ಖಾನೆ ಅನಿಲವನ್ನು ಸುಮಾರು ಮೂರು ಸಾವಿರ ಹಂತಗಳಲ್ಲಿ ಮತ್ತೆ ಮತ್ತೆ ಹಾಯಿಸಿ ಆ ಸಣ್ಣ ಅಂತರವನ್ನು ಬೆಳೆಸಿತು.

ಮತ್ತೆ ಹಿಪ್ಪುನೇರಳೆಯ ತೋಟಕ್ಕೆ ಬರೋಣ. ಎಲೆಯೂ ಹುಳುವಿನಂತೆ ಕಿಂಡಿಗಳ ಮೂಲಕವೇ ಬದುಕುತ್ತದೆ. ಎಲೆಯ ಕೆಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಕಿರಿದಾದ ಪತ್ರರಂಧ್ರಗಳಿವೆ. ಬಾಯ್ದೆರೆದ ಪತ್ರರಂಧ್ರಗಳನ್ನೆಲ್ಲ ಒಟ್ಟುಗೂಡಿಸಿದರೂ ಸಾಮಾನ್ಯವಾಗಿ ಎಲೆಯ ವಿಸ್ತೀರ್ಣದಲ್ಲಿ ನೂರಕ್ಕೆ ಒಂದೆರಡು ಪಾಲು ಆದೀತು. ಆದರೂ ಎಲೆ ಕಳೆದುಕೊಳ್ಳುವ ನೀರಾವಿ ಕೆಲವು ವೇಳೆ ಅಷ್ಟೇ ಅಗಲದ ತೆರೆದ ನೀರಿನಿಂದ ಹೋಗುವ ಆವಿಯ ಅರ್ಧದಷ್ಟಿರುತ್ತದೆ. ನೂರರಲ್ಲಿ ಒಂದು ಪಾಲು ಬಾಗಿಲಿನಿಂದ ಇಷ್ಟು ಸರಕು ಹೇಗೆ ಹೊರಟಿತು? ಇಂಗ್ಲೆಂಡಿನ ಬ್ರೌನ್ ಮತ್ತು ಎಸ್ಕೊಂಬ್ ಎಂಬ ಇಬ್ಬರು 1900ರಲ್ಲಿ ಇದನ್ನು ಬಿಡಿಸಿದರು. ಸಣ್ಣ ರಂಧ್ರದ ಮೂಲಕ ನಡೆಯುವ ವಿಸರಣೆ ರಂಧ್ರದ ವಿಸ್ತೀರ್ಣವನ್ನು ಅನುಸರಿಸುವುದಿಲ್ಲ. ಅದರ ವ್ಯಾಸವನ್ನು ಅನುಸರಿಸುತ್ತದೆ. ರಂಧ್ರದ ಅಂಚಿನಿಂದ ಹೊರಬಂದ ಅಣುಗಳಿಗೆ ಎದುರಿಗಷ್ಟೇ ಅಲ್ಲದೆ ಪಕ್ಕಕ್ಕೂ ಬೀಸಣಿಗೆಯಂತೆ ಹರಡಿಕೊಳ್ಳಲು ಎಡೆಯುಂಟು. ರಂಧ್ರ ಕಿರಿದಾದಷ್ಟೂ ಅದರಲ್ಲಿ ಅಂಚಿನ ಪಾಲು ಹೆಚ್ಚು.

ಹತ್ತು ಮಿಲಿಮೀಟರ್ ವ್ಯಾಸದ ಒಂದು ರಂಧ್ರವನ್ನೂ ಒಂದು ಮಿಲಿಮೀಟರ್ ವ್ಯಾಸದ ನೂರು ರಂಧ್ರಗಳನ್ನೂ ಹೋಲಿಸಿ ನೋಡಬಹುದು. ವಿಸ್ತೀರ್ಣ ಎರಡರಲ್ಲೂ ಒಂದೇ. ವ್ಯಾಸಗಳ ಮೊತ್ತ ಮಾತ್ರ ಒಂದರಲ್ಲಿ ಹತ್ತು, ಇನ್ನೊಂದರಲ್ಲಿ ನೂರು. ರಂಧ್ರಗಳು ಒಂದಕ್ಕೊಂದು ಸಾಕಷ್ಟು ದೂರದಲ್ಲಿದ್ದರೆ ನೂರು ಸಣ್ಣ ರಂಧ್ರಗಳು ಒಂದು ದೊಡ್ಡ ರಂಧ್ರದ ಹತ್ತು ಪಟ್ಟು ಆವಿಯನ್ನು ಬಿಡುತ್ತವೆ. ಎಲೆಗೆ ಇದು ವರವೂ ಹೌದು, ತೊಂದರೆಯೂ ಹೌದು. ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಸುಲಭವಾಗಿ ಒಳಬರುತ್ತದೆ. ಆದರೆ ಅದೇ ಕಿಂಡಿಯಿಂದ ನೀರು ಹೊರಗೆ ಹೋಗುತ್ತದೆ. ನೀರಾವಿಯ ಅಣುತೂಕ 18, ಇಂಗಾಲದ ಡೈಆಕ್ಸೈಡಿನದು 44. ಗ್ರಹಾಂನ ಲೆಕ್ಕದಂತೆ ನೀರಾವಿ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಬೇಗ ಹರಡುತ್ತದೆ. ಅದಲ್ಲದೆ ಎಲೆಯೊಳಗೆ ನೀರಾವಿ ತುಂಬಿ ತುಳುಕುತ್ತಿದ್ದರೆ ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಸಾವಿರಕ್ಕೆ ನಾಲ್ಕು ಪಾಲಿನಷ್ಟು ಮಾತ್ರ. ನೀರಿಗೆ ಬರಗಾಲವಿರುವ ಸೀಮೆಯಲ್ಲಿ ಬೆಳೆ ಇಷ್ಟೊಂದು ನೀರು ಬೇಡುವುದೇಕೆಂಬುದಕ್ಕೆ ಈ ಅಂಕಿಗಳು ಉತ್ತರ ಹೇಳುತ್ತವೆ.

ಕೊಯ್ದ ಸೊಪ್ಪಿಗೆ ಬೇರಿನ ಆಸರೆಯಿಲ್ಲ. ಕಳೆದುಕೊಂಡ ನೀರು ಮತ್ತೆ ಬರುವುದಿಲ್ಲ. ಬಿಸಿಲೇರುವ ಮೊದಲೇ ಸೊಪ್ಪು ಬಿಡಿಸಿ, ತಂಪಾದ ಕೋಣೆಯಲ್ಲಿಟ್ಟು ಒದ್ದೆ ಗೋಣಿತಾಟು ಹೊದಿಸುವ ವಾಡಿಕೆ ಇದರಿಂದ ಬಂತು. ಗೋಣಿಯ ಕೆಳಗಿನ ಗಾಳಿಯಲ್ಲಿಯೂ ಆವಿ ತುಂಬಿದರೆ ಒಳಗೂ ಹೊರಗೂ ವ್ಯತ್ಯಾಸ ಕಡಿಮೆಯಾಗುತ್ತದೆ, ಸೊಪ್ಪು ಬಾಡುವುದು ತಡವಾಗುತ್ತದೆ. ಚಾಕಿ ಹುಳುಗಳ ಹಾಸಿಗೆಗೆ ಪ್ಯಾರಾಫಿನ್ ಕಾಗದ ಹೊದಿಸುವುದೂ ಇದೇ ಉಪಾಯ. ಆದರೆ ಆವಿ ಹೊರಹೋಗದ ಕಡೆ ಕೆಟ್ಟ ಗಾಳಿಯೂ ಹೊರಹೋಗಲಾರದು. ಅದಕ್ಕಾಗಿ ಮೇವು ಕೊಡುವ ಅರ್ಧ ಗಂಟೆ ಮೊದಲೇ ಕಾಗದ ತೆಗೆದು ಹಾಸಿಗೆಗೆ ಗಾಳಿಯಾಡಲು ಬಿಡಬೇಕು.

ಹುಳು ದೊಡ್ಡದಾದಂತೆ ಕಾಗದದ ಮಾತು ಮುಗಿಯುತ್ತದೆ. ಗಾಳಿಯ ಮಾತು ದೊಡ್ಡದಾಗುತ್ತದೆ. ತಟ್ಟೆಯಲ್ಲಿ ಉಳಿದ ಸೊಪ್ಪು ಮತ್ತು ಹಿಕ್ಕೆ ಕೊಳೆತು ಅಮೋನಿಯ ಹುಟ್ಟುತ್ತದೆ. ಹುಳುಗಳ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಸೇರುತ್ತದೆ. ಅಮೋನಿಯದ ಅಣುತೂಕ ಕೇವಲ 17. ಅದು ಇಂಗಾಲದ ಡೈಆಕ್ಸೈಡಿಗಿಂತ 1.6 ಪಟ್ಟು ಬೇಗ ಹರಡಿ ಮೂಗಿಗೆ ಎಚ್ಚರಿಕೆ ಕೊಡುತ್ತದೆ. ಬಾಗಿಲು ತೆರೆದಾಗ ಘಾಟು ಬಂದರೆ ಹಾಸಿಗೆ ಬದಲಿಸುವ ಹೊತ್ತು ಮೀರಿದೆ ಎಂದೇ ಅರ್ಥ. ಗಾಳಿ ಕೆಟ್ಟು ತೇವ ಹೆಚ್ಚಿದ ಮನೆಗೆ ಸಪ್ಪೆರೋಗ, ಸುಣ್ಣಕಟ್ಟು ರೋಗಗಳು ಸುಲಭವಾಗಿ ಬರುತ್ತವೆ. ಅವು ಬಂದ ಮೇಲೆ ಬೆಳೆಯನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.

ಬೆಳೆಯ ಮೊದಲು ಮನೆಯನ್ನು ಸೋಂಕುರಹಿತಗೊಳಿಸಲು ಫಾರ್ಮಲಿನ್ ಸಿಂಪಡಿಸುವ ಪದ್ಧತಿ ಬಹುಕಾಲ ನಡೆದುಬಂದಿದೆ. ಅದರಿಂದೇಳುವ ಫಾರ್ಮಾಲ್ಡಿಹೈಡ್ ಅನಿಲದ ಅಣುತೂಕ 30. ಗಾಳಿಯ ಸರಾಸರಿ ಅಣುತೂಕ ಸುಮಾರು 29. ಆದುದರಿಂದ ಅದು ಮೇಲೇರಿಯೂ ಹೋಗದೆ ಕೆಳಗೂ ಕೂರದೆ, ಪೊರಕೆ ಮುಟ್ಟದ ಬಿರುಕುಗಳೊಳಗೆಲ್ಲ ಹರಡುತ್ತದೆ. ಇಪ್ಪತ್ತನಾಲ್ಕು ಗಂಟೆ ಮನೆಯನ್ನು ಬಿಗಿಯಾಗಿ ಮುಚ್ಚಬೇಕೆಂಬ ನಿಯಮ ಬಿಗುಮಾನಕ್ಕಲ್ಲ. ಬಿರುಕಿನ ತಳಕ್ಕೆ ಅಣುಗಳು ತಲುಪಲು ಕಾಲ ಬೇಕು. ಮನೆಗೇ ಬಿರುಕುಗಳಿದ್ದರೆ ಅನಿಲ ಹೊರಗೆ ಹೋಗಿ ಶ್ರಮ ವ್ಯರ್ಥವಾಗುತ್ತದೆ. ಈ ಅನಿಲ ಮನುಷ್ಯನಿಗೂ ಒಳ್ಳೆಯದಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಬೇರೆ ಸೋಂಕುನಾಶಕಗಳೂ ಈಗ ಬಳಕೆಗೆ ಬಂದಿವೆ.

ಇದಕ್ಕಿಂತ ಹತ್ತಿರದ ಅಪಾಯ ಇನ್ನೊಂದಿದೆ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಚಾಕಿ ಮನೆಯನ್ನು ಬೆಚ್ಚಗಿಡಲು ಕೆಲವರು ಇದ್ದಲಿನ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚುತ್ತಾರೆ; ಹುಳುಗಳ ಜೊತೆಗೆ ತಾವೂ ಅಲ್ಲಿಯೇ ಮಲಗುವುದುಂಟು. ಗಾಳಿ ಸಾಲದೆ ಉರಿಯುವ ಇದ್ದಲಿನಿಂದ ಇಂಗಾಲದ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಣುತೂಕ 28, ಗಾಳಿಯೊಡನೆ ಗಾಳಿಯಂತೆಯೇ ಬೆರೆತು ನೆಲದ ಮೇಲೆ ಮಲಗಿದವನಿಗೂ ಅಟ್ಟದ ಮೇಲೆ ಮಲಗಿದವನಿಗೂ ಸಮನಾಗಿ ತಲುಪುತ್ತದೆ. ರಕ್ತದ ಹೀಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳದೇ ಹೋಗಬಹುದು. ಉರಿಯುವ ಕೆಂಡವಿರುವ ಮುಚ್ಚಿದ ಕೋಣೆಯಲ್ಲಿ ಯಾರೂ ಮಲಗಕೂಡದು.

ಭಾರವಾದ ಅನಿಲ ಯಾವಾಗಲೂ ಕೆಳಗೆ, ಹಗುರವಾದದ್ದು ಯಾವಾಗಲೂ ಮೇಲೆ ಎಂಬ ತಿಳಿವಳಿಕೆ ಅರ್ಧ ಸತ್ಯ. ಹಾಗಿದ್ದರೆ ಆಮ್ಲಜನಕ ಕೆಳಗೂ ಸಾರಜನಕ ಮೇಲೂ ಪದರ ಪದರವಾಗಿ ನಿಲ್ಲಬೇಕಾಗಿತ್ತು. ಪರಮಾಣುವಾದದ ಡಾಲ್ಟನ್‌ನನ್ನು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಕಾಡಿದ ಪ್ರಶ್ನೆಯೇ ಇದು. ಒಮ್ಮೆ ಬೆರೆತ ಅನಿಲಗಳು ಮನೆಯೊಳಗೆ ತಾವಾಗಿ ಬೇರ್ಪಡುವುದಿಲ್ಲ. ಆದರೆ ಬೆರೆಯಲು ಕಾಲ ಬೇಕು ಎಂಬುದನ್ನೂ ಮರೆಯಬಾರದು. ಅಡುಗೆ ಅನಿಲದಲ್ಲಿರುವ ಪ್ರೋಪೇನ್, ಬ್ಯೂಟೇನ್‌ಗಳ ಅಣುತೂಕ 44 ಮತ್ತು 58. ಸಿಲಿಂಡರಿನಿಂದ ಸೋರಿದ ಅನಿಲ ಬೆರೆಯುವ ಮುನ್ನವೇ ನೆಲದ ಮೇಲೆ ಹರಿದು ಮೂಲೆಗಳಲ್ಲಿ ನಿಲ್ಲುತ್ತದೆ. ಅದಕ್ಕೆ ಬೆರೆಸಿದ ಈಥೈಲ್ ಮರ್ಕಾಪ್ಟಾನ್‌ನ ಕೆಟ್ಟ ವಾಸನೆ ಮೂಗಿಗೆ ಬಡಿದೊಡನೆ ದೀಪದ ಗುಂಡಿಯನ್ನೂ ಮುಟ್ಟದೆ ಬಾಗಿಲು ಕಿಟಕಿ ತೆರೆಯಬೇಕು. ಹಾಳುಬಾವಿಯ ತಳದ ಇಂಗಾಲದ ಡೈಆಕ್ಸೈಡ್ ಕೂಡ ಇದೇ ರೀತಿ. ಬೀಸಿಲ್ಲದ ಆಳದಲ್ಲಿ ವಿಸರಣೆ ಅದನ್ನು ಮೇಲಕ್ಕೆ ತರುವಷ್ಟರಲ್ಲಿ ದಿನಗಳು ಕಳೆಯುತ್ತವೆ.

ಗ್ರಹಾಂನ ನಿಯಮಕ್ಕೂ ಎಲ್ಲೆಯುಂಟು. ಅದನ್ನು ತೋರಿಸಿದವನೂ ಗ್ರಹಾಂನೇ. ತೆಳುವಾದ ರಬ್ಬರಿನ ಮೂಲಕ ಅನಿಲಗಳನ್ನು ಹಾಯಿಸಿದಾಗ ಭಾರವಾದ ಇಂಗಾಲದ ಡೈಆಕ್ಸೈಡ್ ಹಗುರವಾದ ಜಲಜನಕಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬೇಗ ದಾಟಿತು. ರಬ್ಬರಿನಲ್ಲಿ ಕಿಂಡಿಗಳಿಲ್ಲ, ಅನಿಲ ಅದರಲ್ಲಿ ಕರಗಿ, ಇನ್ನೊಂದು ಬದಿಯಲ್ಲಿ ಹೊರಬೀಳುತ್ತದೆ. ಯಾವುದು ಹೆಚ್ಚು ಕರಗುವುದೋ ಅದಕ್ಕೇ ಮುನ್ನಡೆ.

ರೇಷ್ಮೆಯ ಗೂಡಾದರೋ ಕಿಂಡಿಗಳಿಂದಲೇ ಕಟ್ಟಿದ ಮನೆ. ಹಣ್ಣಾದ ಹುಳು ಚಂದ್ರಿಕೆಯನ್ನೇರಿ, ನೂರಾರು ಮೀಟರ್ ಉದ್ದದ ಒಂದೇ ಎಳೆಯನ್ನು ಸುತ್ತಿ ಸುತ್ತಿ ಗೂಡು ಕಟ್ಟುತ್ತದೆ. ಎಳೆ ಎಳೆಗಳನ್ನು ಅಂಟು ಹಿಡಿದಿದ್ದರೂ ನಡುವೆ ಸೂಕ್ಷ್ಮ ಎಡೆಗಳು ಉಳಿಯುತ್ತವೆ. ಒಳಗಿನ ಪ್ಯೂಪಾ ಉಸಿರಾಡುವುದು ಈ ಎಡೆಗಳ ಮೂಲಕ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಪ್ಯೂಪಾ ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಎಡೆಬಿಡದ ನೂಲು ಬರುವುದಿಲ್ಲ. ಇದರಿಂದಲೇ ಗೂಡಿನ ವ್ಯಾಪಾರಕ್ಕೆ ಅಷ್ಟು ಅವಸರ. ಕೊಂಡ ಗೂಡಿಗೆ ನೂಲು ಬಿಚ್ಚುವವರು ಬಿಸಿಗಾಳಿ ಅಥವಾ ಹಬೆ ಕೊಡುತ್ತಾರೆ. ಉಸಿರನ್ನು ಒಳಗೆ ಬಿಟ್ಟ ಕಿಂಡಿಗಳೇ ಹಬೆಯನ್ನೂ ಒಳಗೆ ಬಿಡುತ್ತವೆ. ಎಳೆ ಒಂದಿಷ್ಟೂ ಕಡಿಯದೆ ಪ್ಯೂಪಾ ಸಾಯುತ್ತದೆ. ರೇಷ್ಮೆಯ ಮೆರುಗಿನ ಹಿಂದೆ ಈ ಸಾವಿದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಬಿತ್ತನೆ ಕೋಠಿಗಳಿಗೆ ಹೋದ ಗೂಡುಗಳಿಂದ ಮಾತ್ರ ಚಿಟ್ಟೆಗಳು ಹೊರಬರುತ್ತವೆ. ಹೆಣ್ಣು ಚಿಟ್ಟೆ ಇದ್ದಲ್ಲಿಯೇ ಕುಳಿತು ಒಂದು ವಾಸನೆಯನ್ನು ಬಿಡುತ್ತದೆ. ಜರ್ಮನಿಯ ಬ್ಯೂಟೆನಾಂಟ್ ಮತ್ತು ಸಂಗಡಿಗರು ಸುಮಾರು ಐದು ಲಕ್ಷ ಹೆಣ್ಣು ಚಿಟ್ಟೆಗಳ ಗ್ರಂಥಿಗಳಿಂದ ಕೆಲವೇ ಮಿಲಿಗ್ರಾಂಗಳಷ್ಟು ಈ ವಸ್ತುವನ್ನು ಪಡೆದು, 1959ರಲ್ಲಿ ಅದರ ಗುರುತು ಹಚ್ಚಿದರು. ಬಾಂಬಿಕಾಲ್ ಎಂದು ಅದರ ಹೆಸರು. ಅಣುತೂಕ 238. ಇಷ್ಟು ಭಾರದ ಅಣುವಿನ ವೇಗ ಗಾಳಿಯ ಅಣುವಿನ ವೇಗದ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು. ಡಿಕ್ಕಿಗಳ ನಡುವೆ ಅದು ಬಹು ನಿಧಾನವಾಗಿ ಹರಡುತ್ತದೆ. ಈ ನಿಧಾನವನ್ನು ನೀಗುವ ಕೆಲಸ ಗಂಡಿನದು. ಸಾವಿರಾರು ವರ್ಷ ಮನುಷ್ಯನ ಆಶ್ರಯದಲ್ಲಿ ಬೆಳೆದ ಈ ಚಿಟ್ಟೆ ಹಾರುವುದನ್ನು ಮರೆತಿದೆ. ಆದರೆ ರೆಕ್ಕೆ ಬಡಿಯುವುದನ್ನು ಮರೆತಿಲ್ಲ. ಪಟಪಟನೆ ರೆಕ್ಕೆ ಬಡಿಯುತ್ತ ಅದು ಗಾಳಿಯನ್ನು ತನ್ನ ಬಾಚಣಿಗೆಯಂತಹ ಮೀಸೆಗಳ ಕಡೆಗೆ ಎಳೆದುಕೊಳ್ಳುತ್ತದೆ. ಮೀಸೆಯ ರೋಮಗಳಲ್ಲಿ ಮತ್ತೆ ಸೂಕ್ಷ್ಮ ಕಿಂಡಿಗಳು. ವಾಸನೆಯ ಅಣು ಅವುಗಳ ಮೂಲಕ ಒಳಸೇರುತ್ತದೆ. ಒಂದೇ ಒಂದು ಅಣು ಸಾಕು, ನರದಲ್ಲಿ ಮಿಡಿತ ಏಳಲು.

ಜೊತೆಗೂಡಿದ ಹೆಣ್ಣು ನಾಲ್ಕುನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ಸಾಸಿವೆಗಿಂತ ಸಣ್ಣದಾದ ಆ ಮೊಟ್ಟೆಯ ಚಿಪ್ಪಿನಲ್ಲಿಯೂ ಗಾಳಿಯ ಕಿಂಡಿಗಳಿವೆ; ಒಳಗಿನ ಜೀವ ಆಗಲೇ ಉಸಿರಾಡುತ್ತಿರುತ್ತದೆ. ಮೊಟ್ಟೆಗಳನ್ನು ಊರಿಗೆ ಒಯ್ಯುವ ರೈತರು ಅದಕ್ಕಾಗಿಯೇ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟದೆ, ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು, ಬಿಸಿಲು ಇಳಿದ ಮೇಲೆ ಅಥವಾ ಬೆಳಗಿನ ತಂಪಿನಲ್ಲಿ ಹೊರಡುತ್ತಾರೆ.